ಓಡುವ ರೈಲಿನ ಗಣಕ ಬದಲಿಸುವುದು

ಅಂಕೋಲೆಯಿಂದ ಕಾರವಾರದ ಕಡೆ ಹೆದ್ದಾರಿ 66ರಲ್ಲಿ ಹೊರಟರೆ ಹಟ್ಟಿಕೇರಿಯಲ್ಲಿ ಟೋಲ್‌ಗೇಟ್ ಸಿಗುತ್ತದೆ. ಗಾಡಿಯ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ಮೇಲೆ ತೂಗುಹಾಕಿದ ರೀಡರ್ ಓದಿಕೊಳ್ಳುತ್ತದೆ, ಅಡ್ಡಗಂಬ ಮೇಲೇಳುತ್ತದೆ. ಓದದಿದ್ದರೂ ಪ್ರಳಯವೇನಿಲ್ಲ. ಹಿಂದಿನವರು ಹಾರ್ನ್ ಒತ್ತುತ್ತಾರೆ, ಟೋಲಿನ ಹುಡುಗ ಕೈಯಂತ್ರ ಹಿಡಿದು ಬರುತ್ತಾನೆ, ಎರಡು ನಿಮಿಷದಲ್ಲಿ ದಾರಿ ತೆರೆಯುತ್ತದೆ. ದೇಶದ ರೈಲು ಎಂಜಿನ್‌ಗಳಿಗೆ ಈಗ ಅಳವಡಿಸುತ್ತಿರುವ, ಡಿಕ್ಕಿ ತಡೆಯುವ ‘ಕವಚ’ ವ್ಯವಸ್ಥೆಯೂ ಇದೇ ವಿದ್ಯೆಯನ್ನು ಬಳಸುತ್ತದೆ, ಆದರೆ ತಿರುಗುಮುರುಗಾಗಿ. ಅಲ್ಲಿ ಚೀಟಿ ಹಳಿಯ ಸ್ಲೀಪರಿಗೆ ಅಂಟಿ ಕೂತಿರುತ್ತದೆ, ಓದುವ ಯಂತ್ರ ಎಂಜಿನ್ನಿನ ಹೊಟ್ಟೆಯಡಿ ಗಂಟೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಹಾಯುತ್ತದೆ. ಅಲ್ಲಿ ಚೀಟಿ ತಪ್ಪಿದರೆ ಕೈಯಂತ್ರ ಹಿಡಿದು ಓಡಿಬರುವ ಹುಡುಗನಿಲ್ಲ. ಯಂತ್ರ ತಾನೇ ಅನುಮಾನಪಡಬೇಕು, ತಾನೇ ಬ್ರೇಕ್ ಹಾಕಬೇಕು.

ರೈಲಿನ ಗಣಕ ಎಂದಾಗ ಟಿಕೆಟ್ ಕಿಟಕಿಯ ಒಳಗಿರುವ ಕಂಪ್ಯೂಟರ್ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಅದನ್ನಲ್ಲ. ಎಂಜಿನ್ನಿನ ಮೋಟಾರನ್ನು ನಡೆಸುವ ಗಣಕ, ನಿಲ್ದಾಣದಲ್ಲಿ ಹಳಿ ತಿರುಗಿಸುವ ಪಾಯಿಂಟು ಮತ್ತು ಸಿಗ್ನಲುಗಳನ್ನು ಒಂದಕ್ಕೊಂದು ಬಿಗಿಯುವ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್, ಡಿಕ್ಕಿ ತಡೆಯುವ ಯಂತ್ರ, ಬೋಗಿಯ ಬಾಗಿಲು, ಕ್ಯಾಮೆರಾ, ಪ್ರಯಾಣಿಕರ ಫಲಕ ಇವನ್ನೆಲ್ಲ ನೋಡಿಕೊಳ್ಳುವ, ಬೀರುವಿನೊಳಗೆ ಕೂತ ಕಬ್ಬಿಣದ ಪೆಟ್ಟಿಗೆಗಳ ಮಾತು ಇದು. ಇವನ್ನು ಗಟ್ಟಿಯಾಗಿ ಮಾಡುವುದು ಹೇಗೆಂಬ ಪ್ರಶ್ನೆಗೆ ಜಗತ್ತು ಬಹುಮಟ್ಟಿಗೆ ಉತ್ತರ ಕಂಡುಕೊಂಡಿದೆ. ಹಳತಾದಾಗ ರೈಲು ನಿಲ್ಲಿಸದೆ, ಜೀವಕ್ಕೆ ಅಪಾಯ ತರದೆ ಒಳಗಿನದನ್ನು ಹೊಸತು ಮಾಡುವುದು ಹೇಗೆಂಬುದಕ್ಕೆ ಇನ್ನೂ ನೆಟ್ಟಗೆ ಉತ್ತರ ಸಿಕ್ಕಿಲ್ಲ. ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ ಎರಡನೆಯದೇ. ಗುತ್ತಿಗೆ ಕಾಗದಗಳಲ್ಲಿ ಮಾತ್ರ ಮೊದಲನೆಯದಕ್ಕೇ ಹೆಚ್ಚು ಪುಟ.

ಆದರೂ ಗಟ್ಟಿತನದಿಂದಲೇ ಶುರುಮಾಡಬೇಕು, ಏಕೆಂದರೆ ನಮ್ಮ ಕರಾವಳಿ ಅದನ್ನು ಪರೀಕ್ಷಿಸುವಷ್ಟು ಬೇರೆ ಯಾವ ಜಾಗವೂ ಪರೀಕ್ಷಿಸುವುದಿಲ್ಲ. ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್ ಎಂದು ಸಾಗುವ ಈ ಕೊಂಕಣ ರೈಲು ಹಳಿಗೆ ಎಡಕ್ಕೆ ಗುಡ್ಡ, ಬಲಕ್ಕೆ ಕಡಲು. 1930ರಲ್ಲಿ ಅಂಕೋಲೆಯವರು ಉಪ್ಪಿನ ಸತ್ಯಾಗ್ರಹ ಮಾಡಿದ ನೆಲ ಇದು. ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಮಾಡುವವರಿಗೆ ಬೇಕಾದ ಗಾಳಿ ತಾಮ್ರದ ತಂತಿಗೆ ಬೇಡದ ಗಾಳಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರುವ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುವಾಗ ಸರ್ಕ್ಯೂಟ್ ಬೋರ್ಡಿನ ಗತಿ ಕೇಳಬೇಕಾಗಿಲ್ಲ. ಉಪ್ಪಿನ ತೇವ ಬೋರ್ಡಿನ ಮೇಲೆ ಕೂತರೆ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಸಣ್ಣ ವಿದ್ಯುತ್ ಸೋರುತ್ತದೆ, ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಕಟ್ಟುತ್ತದೆ. ಇಂಥ ದೋಷ ಒಂದೇ ಏಟಿಗೆ ಬರುವುದಿಲ್ಲ. ಬೆಳಿಗ್ಗೆ ತೋರಿ, ಬಿಸಿಲೇರಿದ ಮೇಲೆ ಮಾಯವಾಗಿ, ಸಂಜೆಯ ಮಳೆಗೆ ಮತ್ತೆ ಬರುತ್ತದೆ. ಸಿಗ್ನಲ್ ಮೇಂಟೈನರ್ ಹೋಗಿ ನೋಡಿದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಇದರ ಮೇಲೆ ಎಂಜಿನ್ನಿನ ಒಳಗಿನ ಶಾಖ, ಬ್ರೇಕಿನ ಕಬ್ಬಿಣದ ಧೂಳು, ಸಿಡಿಲು, ಹಳಿಯ ಕೀಲಿನಿಂದ ಬರುವ ಬಡಿತ.

ಇದಕ್ಕೆಲ್ಲ ಬರೆದಿಟ್ಟ ಮಾನದಂಡಗಳಿವೆ. ರೈಲುಗಾಡಿಯೊಳಗಿನ ಎಲೆಕ್ಟ್ರಾನಿಕ್ ಸಾಮಾನಿಗೆ ಯುರೋಪಿನ ಇಎನ್ 50155 ಎಂಬ ಸಂಹಿತೆ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಅದರ ಒಂದು ವರ್ಗ ಸೊನ್ನೆಗಿಂತ 25 ಡಿಗ್ರಿ ಕೆಳಗಿನಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡಬೇಕೆನ್ನುತ್ತದೆ. ಕಾರವಾರಕ್ಕೆ ಕೆಳಗಿನ ತುದಿ ತಮಾಷೆಯ ಸಂಖ್ಯೆ, ಮೇಲಿನ ತುದಿ ಬೇಕೇಬೇಕು. 110 ವೋಲ್ಟಿನ ಬ್ಯಾಟರಿ 77ಕ್ಕೆ ಇಳಿದರೂ 137.5ಕ್ಕೆ ಏರಿದರೂ ಯಂತ್ರ ನಿಲ್ಲಬಾರದು. ಅದುರುವಿಕೆ ಮತ್ತು ಹೊಡೆತಕ್ಕೆ ಐಇಸಿ 61373 ಎಂಬ ಬೇರೆ ಪರೀಕ್ಷೆ ಇದೆ. ಪೆಟ್ಟಿಗೆಯನ್ನು ಮೂರು ದಿಕ್ಕಿಗೂ ಐದೈದು ಗಂಟೆ ಅಲುಗಾಡಿಸಿ, ಇಡೀ ಆಯುಷ್ಯದ ಅಲುಗಾಟವನ್ನು ಅಷ್ಟರಲ್ಲಿ ತುಂಬಿ ನೋಡುತ್ತಾರೆ. ಬೆಂಕಿಗೆ ಇಎನ್ 45545. ನಮ್ಮಲ್ಲಿ ಸಿಗ್ನಲ್ ಸಾಮಾನಿನ ಪರೀಕ್ಷೆಯ ನಿಯಮಗಳನ್ನು ಬರೆಯುವುದು ರೈಲ್ವೆಯ ಸಂಶೋಧನಾ ಸಂಸ್ಥೆ, ಲಖನೌದ ಆರ್‌ಡಿಎಸ್‌ಒ. ಇವಕ್ಕೆ ಒಗ್ಗುವ ಹಾಗೆ ಪೆಟ್ಟಿಗೆ ಮಾಡುವವರು ಫ್ಯಾನ್ ತೆಗೆದುಹಾಕಿದರು, ಏಕೆಂದರೆ ಫ್ಯಾನ್ ಉಪ್ಪನ್ನೂ ಧೂಳನ್ನೂ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಬೋರ್ಡಿಗೆ ತೆಳುವಾದ ವಾರ್ನಿಷ್‌ನಂಥ ಲೇಪ ಕೊಟ್ಟರು, ಮನೆಯ ನೆಟ್‌ವರ್ಕ್ ಪ್ಲಗ್ಗಿನ ಜಾಗದಲ್ಲಿ ತಿರುಪು ಹಾಕಿ ಬಿಗಿಯುವ ಎಂ12 ಕನೆಕ್ಟರ್ ತಂದರು, ಚಿಪ್ಪನ್ನು ಸಾಕೆಟ್ಟಿಗೆ ಸಿಕ್ಕಿಸದೆ ಬೋರ್ಡಿಗೇ ಬೆಸುಗೆ ಹಾಕಿದರು. ಗಟ್ಟಿತನದ ಕಥೆ ಇಷ್ಟೇ. ದುಡ್ಡು ಕೊಟ್ಟರೆ ಸಿಗುತ್ತದೆ.

ಕಥೆ ಗಂಟಾಗುವುದು ಆಯುಷ್ಯದ ಲೆಕ್ಕದಲ್ಲಿ. ರೈಲ್ವೆ ಒಂದು ವಿದ್ಯುತ್ ಎಂಜಿನ್ನನ್ನು ಸುಮಾರು 35 ವರ್ಷ ದುಡಿಸುತ್ತದೆ. ಅದರೊಳಗಿನ ಪ್ರೊಸೆಸರ್ ಚಿಪ್ಪನ್ನು ತಯಾರಕರು ಏಳರಿಂದ ಹದಿನೈದು ವರ್ಷ ಮಾರಿದರೆ ದೊಡ್ಡದು. ಅಂದರೆ ಒಂದು ಎಂಜಿನ್ನಿನ ಬಾಳಿನಲ್ಲಿ ಗಣಕ ಎರಡು ಮೂರು ಸಲವಾದರೂ ಮುದಿಯಾಗುತ್ತದೆ. ಬಿಡಿಯಾಗಿ ಕಳಚಿ ಜೋಡಿಸುವ, ಅಂದರೆ ಮಾಡ್ಯುಲರ್ ಗಣಕದ ಯೋಚನೆ ಹುಟ್ಟಿದ್ದು ಇಲ್ಲಿಂದ. ನಮ್ಮ ಮಂಗಳೂರು ಹಂಚಿನ ಮಾಡಿನಲ್ಲಿ ಒಡೆದ ಹಂಚೊಂದನ್ನು ತೆಗೆದು ಬೇರೊಂದು ಸಿಕ್ಕಿಸುತ್ತೇವಲ್ಲ, ಹಾಗೆ. ತೊಲೆ ಪಕಾಸು ಮುಟ್ಟಬೇಕಾಗಿಲ್ಲ. ಆದರೆ ಹಂಚಿನ ಕಾರ್ಖಾನೆ ಮುಚ್ಚಿ, ಹೊಸ ಕಾರ್ಖಾನೆಯ ಅಚ್ಚು ಅರ್ಧ ಇಂಚು ಬೇರೆಯಾದರೆ ಒಂದು ಹಂಚಿಗಾಗಿ ಇಡೀ ಮಾಡು ಬಿಚ್ಚಬೇಕಾಗುತ್ತದೆ. ಅಚ್ಚು ಎಷ್ಟು ಕಾಲ ಬದಲಾಗದೆ ಉಳಿಯುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಗಣಕದ ಲೋಕದಲ್ಲಿ ಆ ಅಚ್ಚಿಗೆ ಉದ್ದನೆಯ ಇತಿಹಾಸವಿದೆ. 1981ರಲ್ಲಿ ಕಾರ್ಡುಗಳನ್ನು ಜೋಡಿಸುವ ವಿಎಂಇ ಬಸ್ ಬಂತು. ಸೈನ್ಯ, ಕಾರ್ಖಾನೆ, ರೈಲು ಎಲ್ಲ ಕಡೆ ಅದನ್ನು ಹಾಕಿದರು. ತೊಂಬತ್ತರ ದಶಕದ ನಡುವೆ ಕಾಂಪ್ಯಾಕ್ಟ್‌ಪಿಸಿಐ ಬಂತು, 2011ರಲ್ಲಿ ಅದರ ಹೊಸ ತಲೆಮಾರು ಕಾಂಪ್ಯಾಕ್ಟ್‌ಪಿಸಿಐ ಸೀರಿಯಲ್. ಇವುಗಳ ಜಾಣತನ ಹೊಸತನದಲ್ಲಿಲ್ಲ, ಹಟದಲ್ಲಿದೆ. 100 ಮಿಲಿಮೀಟರ್ ಎತ್ತರ, 160 ಮಿಲಿಮೀಟರ್ ಉದ್ದದ ಯೂರೋಕಾರ್ಡ್ ಅಳತೆಯನ್ನೂ 19 ಇಂಚಿನ ಬೀರುವನ್ನೂ ಅವು ಬಿಡಲಿಲ್ಲ. ಹಿಂದಿನ ಹಲಗೆಯಲ್ಲಿ ದತ್ತಾಂಶ ಹರಿಯುವ ಬಗೆ ಪೂರ್ತಿ ಬದಲಾದರೂ ಕಪಾಟಿನ ತಿರುಪಿನ ತೂತುಗಳು ಇದ್ದಲ್ಲೇ ಇವೆ. ನಡುವೆ ಹಳೆಯ ಕಾರ್ಡನ್ನೂ ಹೊಸ ಕಾರ್ಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸುವ ಪ್ಲಸ್‌ಐಒ ಎಂಬ ಸೇತುವೆಯನ್ನೂ ಕಟ್ಟಿದರು. ಇಂಥ ಸೇತುವೆಗಳಿಗೆ ಜಾಹೀರಾತಿನಲ್ಲಿ ಜಾಗವಿಲ್ಲ. ಡಿಪೋದಲ್ಲಿ ರಾತ್ರಿಪಾಳಿ ಮಾಡುವವನನ್ನು ಕೇಳಿದರೆ ಬೆಲೆ ತಿಳಿಯುತ್ತದೆ.

ಅಚ್ಚು ಕೈಕೊಟ್ಟಾಗ ಏನಾಗುತ್ತದೆ ಎನ್ನುವುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಇದೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ 1998ರಲ್ಲೇ ಆ ನಗರದ ರೈಲುಗಳಿಗೂ ಹೊಸ ನಿಯಂತ್ರಣ ಗಣಕ ಬಂತು. ಅದು ಐದೂಕಾಲು ಇಂಚಿನ ಫ್ಲಾಪಿಯಿಂದ ಎಚ್ಚರಗೊಳ್ಳುತ್ತಿತ್ತು. ಕಾಲು ಶತಮಾನ ಕಳೆದರೂ ದಿನಾ ಬೆಳಿಗ್ಗೆ ಅದೇ ಫ್ಲಾಪಿ. ಕೊನೆಗೆ 2024ರಲ್ಲಿ ಹಿಟಾಚಿ ರೈಲಿಗೆ 21 ಕೋಟಿ ಡಾಲರಿಗೂ ಮಿಕ್ಕಿದ ಗುತ್ತಿಗೆ ಕೊಟ್ಟು ಇಡೀ ಮಾಡನ್ನೇ ಬಿಚ್ಚಲು ಹೊರಟರು. ಅದೇ ವರ್ಷ ಜರ್ಮನಿಯಲ್ಲಿ ರೈಲಿನ ಹಳೆಯ ಫಲಕಗಳನ್ನು ನೋಡಿಕೊಳ್ಳಲು ವಿಂಡೋಸ್ 3.11 ಬಲ್ಲವರು ಬೇಕೆಂದು ಕೆಲಸದ ಜಾಹೀರಾತು ಬಂದು ಜನ ನಕ್ಕರು. ನಗಬೇಕಾದ್ದೇನೂ ಇಲ್ಲ. ಹಳತು ಓಡುತ್ತಿತ್ತು, ನಂಬಿಗಸ್ತವಾಗಿತ್ತು. ಅದನ್ನು ಬಲ್ಲವರು ನಿವೃತ್ತರಾದರು, ಅಷ್ಟೇ.

ಇನ್ನು ನಮ್ಮ ಹಳಿಯ ಸ್ವಂತ ಕಥೆ. ಡಿಕ್ಕಿ ತಡೆಯುವ ಗಣಕವನ್ನು ದೇಶದಲ್ಲಿ ಮೊದಲು ಗಂಭೀರವಾಗಿ ಮಾಡಹೊರಟದ್ದು ಕೊಂಕಣ ರೈಲ್ವೆಯೇ. 1999ರ ಆಗಸ್ಟ್‌ನಲ್ಲಿ ಪಶ್ಚಿಮ ಬಂಗಾಳದ ಗೈಸಾಲ್‌ನಲ್ಲಿ ಎರಡು ರೈಲು ಎದುರುಬದುರಾಗಿ 280ಕ್ಕೂ ಹೆಚ್ಚು ಜನ ಸತ್ತ ಕಾಲ ಅದು. ಆಗ ಕೊಂಕಣ ರೈಲ್ವೆಯ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ಬಿ. ರಾಜಾರಾಂ ‘ರಕ್ಷಾ ಕವಚ’ ಹೆಸರಿನ ಯಂತ್ರವನ್ನು ರೂಪಿಸಿದರು. ಎಂಜಿನ್ನಿಗೊಂದು, ಗಾರ್ಡಿನ ಡಬ್ಬಿಗೊಂದು, ನಿಲ್ದಾಣಕ್ಕೊಂದು, ಗೇಟಿಗೊಂದು ಪೆಟ್ಟಿಗೆ. ಉಪಗ್ರಹದಿಂದ ತಾನೆಲ್ಲಿದ್ದೇನೆಂದು ತಿಳಿದುಕೊಂಡು ಸುಮಾರು ಮೂರು ಕಿಲೋಮೀಟರ್ ವ್ಯಾಪ್ತಿಯಲ್ಲಿ ರೇಡಿಯೊ ಮೂಲಕ ಮಾತಾಡಿಕೊಳ್ಳುತ್ತವೆ, ಅಪಾಯ ಕಂಡರೆ ಬ್ರೇಕ್ ಹಾಕುತ್ತವೆ. ಹೈದರಾಬಾದಿನ ಕರ್ನೆಕ್ಸ್ ಕಂಪನಿ ತಯಾರಿಕೆಗೆ ಜೊತೆಯಾಯಿತು. ಈಶಾನ್ಯ ಗಡಿ ರೈಲ್ವೆಯ 1736 ಕಿಲೋಮೀಟರಿಗೆ ಅದನ್ನು ಹಾಕಿದರು.

ಯೋಚನೆ ಧೀರವಾಗಿತ್ತು. ಎಡವಿದ್ದು ಒಂದು ಸಣ್ಣ ಅಂತರದಲ್ಲಿ. ಜೋಡಿಹಳಿಗಳ ನಡುವೆ ಇರುವುದು ನಾಲ್ಕೈದು ಮೀಟರ್. ಅಂದಿನ ಉಪಗ್ರಹ ಲೆಕ್ಕ ಅದಕ್ಕಿಂತ ಹೆಚ್ಚು ತಪ್ಪುತ್ತಿತ್ತು. ಗಾಡಿ ಯಾವ ಹಳಿಯಲ್ಲಿದೆ ಎಂದು ತಿಳಿಯಲು ರಾಜಾರಾಂ ತಿರುವುಗಳನ್ನು ಎಣಿಸುವ ಒಂದು ಸಿದ್ಧಾಂತವನ್ನೇ ಹೊಸೆದರು. ಆದರೂ ದೊಡ್ಡ ಯಾರ್ಡುಗಳಲ್ಲಿ ಗೊಂದಲ ತಪ್ಪಲಿಲ್ಲ. ತೊಂಬತ್ತಕ್ಕೂ ಹೆಚ್ಚು ಸುರಂಗಗಳಿರುವ, ಸುರಂಗದೊಳಗೇ 80 ಕಿಲೋಮೀಟರ್ ಮೀರಿ ಸಾಗುವ ಹಾದಿಯಲ್ಲಿ ಆಕಾಶ ನೋಡಬೇಕಾದ ಯಂತ್ರ ಹುಟ್ಟಿತೆಂಬುದು ನನಗೆ ಯಾವಾಗಲೂ ಸೋಜಿಗ.

2012ರಿಂದ ಆರ್‌ಡಿಎಸ್‌ಒ ಬೇರೆ ದಾರಿ ಹಿಡಿಯಿತು. ಜಾಗ ತಿಳಿಯಲು ಸ್ಲೀಪರಿನ ಚೀಟಿ, ಮಾತಿಗೆ ರೇಡಿಯೊ ಮತ್ತು ಗೋಪುರ, ನಿಲ್ದಾಣಗಳ ನಡುವೆ ಆಪ್ಟಿಕಲ್ ಫೈಬರ್. ಉಪಗ್ರಹಕ್ಕೆ ಉಳಿದದ್ದು ಗಡಿಯಾರ ಹೊಂದಿಸುವ ಕೆಲಸ. ಇದರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಲಿಂಗಂಪಳ್ಳಿ, ವಿಕಾರಾಬಾದ್, ವಾಡಿ, ಬೀದರ್ ಹಳಿಗಳಲ್ಲಿ. ಅಂದರೆ ಅರ್ಧ ನಮ್ಮ ಕಲಬುರಗಿ-ಬೀದರ್ ಸೀಮೆಯಲ್ಲೇ. 2016ರ ಫೆಬ್ರುವರಿಯಲ್ಲಿ ಪ್ರಯಾಣಿಕರ ಗಾಡಿಗಳಲ್ಲಿ ಪ್ರಯೋಗ ಶುರುವಾಯಿತು, 2020ರ ಜುಲೈಯಲ್ಲಿ ‘ಕವಚ’ ರಾಷ್ಟ್ರೀಯ ವ್ಯವಸ್ಥೆಯಾಯಿತು. ದಕ್ಷಿಣ ಮಧ್ಯ ರೈಲ್ವೆಯ 1465 ಕಿಲೋಮೀಟರಿಗೆ 3.2ನೆಯ ಆವೃತ್ತಿ ಹಾಕಿ ಮುಗಿಸುವ ಹೊತ್ತಿಗೆ, ಅಲ್ಲಿ ಕಲಿತದ್ದನ್ನೆಲ್ಲ ಸೇರಿಸಿ 4.0 ಬರೆಯಬೇಕಾಯಿತು. ದೊಡ್ಡ ಯಾರ್ಡಿನಲ್ಲಿ ಸಿಗ್ನಲಿನ ಮಾಹಿತಿ ಚೆನ್ನಾಗಿ ಬರುವುದು, ಜಾಗದ ನಿಖರತೆ, ನಿಲ್ದಾಣದ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಜೊತೆ ನೇರ ಸಂಪರ್ಕ ಇವು ಅದರ ಮುಖ್ಯ ತಿದ್ದುಪಡಿಗಳು. ರಕ್ಷಾ ಕವಚ ಎಡವಿದ ಯಾರ್ಡಿನಲ್ಲೇ ಇಪ್ಪತ್ತು ವರ್ಷದ ಮೇಲೂ ತಿದ್ದುಪಡಿ ನಡೆದಿದೆ ಎಂಬುದನ್ನು ಗಮನಿಸಬೇಕು. 2025ರ ಜುಲೈಯಲ್ಲಿ ಮಥುರಾ-ಕೋಟಾ ನಡುವೆ 4.0 ಚಾಲೂ ಆಯಿತು. ಈಗ ಮೊದಲು ಹಾಕಿಸಿಕೊಂಡ ಹಳಿಗಳೇ ಹಳೆಯ ಆವೃತ್ತಿಯ ಹಳಿಗಳು.

ಆರ್‌ಡಿಎಸ್‌ಒ 4.0ಕ್ಕೆ ಒಪ್ಪಿಗೆ ಕೊಟ್ಟದ್ದು 2024ರ ಜುಲೈ 16ರಂದು. ಅದೇ ದಿನ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿ ಗಂಗಾವಳಿ ನದಿಗೆ ಬಿತ್ತು. ಎರಡಕ್ಕೂ ಸಂಬಂಧವಿಲ್ಲ. ಆದರೂ ನಮ್ಮ ಜಿಲ್ಲೆಯವರಿಗೆ ಈ ಎರಡನ್ನೂ ಒಟ್ಟಿಗೆ ನೆನೆಯದೆ ಇರಲಾಗದು, ಏಕೆಂದರೆ ಈ ಹಳಿಯ ದೊಡ್ಡ ಸಾವುಗಳು ಡಿಕ್ಕಿಯಿಂದ ಬಂದವಲ್ಲ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟ ರಜೆಯ ವಿಶೇಷ ರೈಲು ವೈಭವವಾಡಿಯ ಹತ್ತಿರ ಕುಸಿದ ಮಣ್ಣುಕಲ್ಲಿಗೆ ಬಡಿದು ಐವತ್ತಕ್ಕೂ ಹೆಚ್ಚು ಜನ ಹೋದರು. ಮರುವರ್ಷ ಜೂನ್ 16ಕ್ಕೆ ಕರಂಜಾಡಿಯಲ್ಲಿ ಮತ್ಸ್ಯಗಂಧ ರೈಲು ಬಂಡೆಗೆ ಬಡಿದು ಹಳಿತಪ್ಪಿತು. ಬಂಡೆಗೆ ರೇಡಿಯೊ ಇಲ್ಲ, ಚೀಟಿ ಇಲ್ಲ. ಡಿಕ್ಕಿ ತಡೆಯುವ ಗಣಕ ಎಷ್ಟೇ ಹೊಸತಾದರೂ ಅದರ ಕಣ್ಣಿಗೆ ಗುಡ್ಡ ಬೀಳುವುದಿಲ್ಲ.

ಹಾಗಾಗಿ ಇಲ್ಲಿ ಬೇಕಾದ ಗಣಕವೇ ಬೇರೆ, ಅಥವಾ ಅದಕ್ಕೆ ಬೇರೆ ಕಿವಿ ಬೇಕು. ಕೊಂಕಣ ರೈಲ್ವೆ ಕಾರವಾರ, ಭಟ್ಕಳ, ಉಡುಪಿ ಸೇರಿ ಒಂಬತ್ತು ನಿಲ್ದಾಣಗಳಲ್ಲಿ ತಾನೇ ಬರೆದುಕೊಳ್ಳುವ ಮಳೆಮಾಪಕ ಇಟ್ಟಿದೆ. ಹೊನ್ನಾವರದ ಶರಾವತಿ ಸೇತುವೆಯೂ ಸೇರಿ ನಾಲ್ಕು ಕಡೆ ಗಾಳಿಯ ವೇಗ ಅಳೆಯುತ್ತದೆ. ಮಹಾರಾಷ್ಟ್ರದ ಕೆಲವು ನದಿಗಳಿಗೆ ನೆರೆ ಎಚ್ಚರಿಕೆ ಇದೆ. ಮಳೆ ಜೋರಾದರೆ 40 ಕಿಲೋಮೀಟರ್ ವೇಗ ಎಂಬ ನಿಯಮವನ್ನು ಇಂದಿಗೂ ನಡೆಸುವುದು ಲೋಕೋ ಪೈಲಟನ ಕಣ್ಣು ಮತ್ತು ಕಂಟ್ರೋಲ್ ಕೊಠಡಿಯ ಫೋನು. ಮಳೆಮಾಪಕದ ಸಂಖ್ಯೆ ಮನುಷ್ಯರ ಕೈ ದಾಟದೆ ನೇರವಾಗಿ ಎಂಜಿನ್ನಿನ ವೇಗಮಿತಿಯಾಗಿ ಇಳಿಯುವುದಾದರೆ, ಕೊಂಕಣ ಹಳಿಗೆ ಮಾಡ್ಯುಲರ್ ಗಣಕದ ನಿಜವಾದ ಲಾಭ ಅದು. ಖಾಲಿ ಬಿಟ್ಟ ಒಂದು ಸ್ಲಾಟಿನಲ್ಲಿ ನಾಳೆ ಯಾವ ಕಾರ್ಡು ಕೂರುತ್ತದೆಂದು ಇಂದೇ ತಿಳಿಯಬೇಕಾಗಿಲ್ಲ, ಸ್ಲಾಟು ಬಿಟ್ಟಿದ್ದರೆ ಸಾಕು. ಕೊಳ್ಳುವಾಗ ಅಗ್ಗವೆಂದು ಸ್ಲಾಟಿಲ್ಲದ ಪೆಟ್ಟಿಗೆ ತಂದರೆ ಮುಂದಿನ ಹದಿನೈದು ವರ್ಷ ಅದೇ ಗತಿ.

ಇಲ್ಲಿ ಒಂದು ಎಚ್ಚರ. ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುರುಕುವ ಆಸೆ ಇತ್ತೀಚೆಗೆ ಜೋರಾಗಿದೆ. ಜೀವರಕ್ಷಣೆಯ ಗಣಕಕ್ಕೆ ಎಸ್‌ಐಎಲ್-4 ಎಂಬ ದರ್ಜೆ ಬೇಕು. ಅಪಾಯಕರ ತಪ್ಪು ಹತ್ತು ಕೋಟಿ ಗಂಟೆಗೆ ಒಂದಕ್ಕಿಂತ ಕಡಿಮೆ ಇರಬೇಕೆಂದು ಅದರ ಅರ್ಥ. ಅದಕ್ಕಾಗಿ ಎರಡು ಅಥವಾ ಮೂರು ಪ್ರೊಸೆಸರುಗಳು ಒಂದೇ ಲೆಕ್ಕವನ್ನು ಬೇರೆಬೇರೆಯಾಗಿ ಮಾಡಿ ತಾಳೆ ನೋಡುತ್ತವೆ, ತಾಳೆಯಾಗದಿದ್ದರೆ ಸಿಗ್ನಲು ಕೆಂಪಾಗುತ್ತದೆ. ಈ ದರ್ಜೆಯ ಪ್ರಮಾಣಪತ್ರ ಯಂತ್ರ ಮತ್ತು ತಂತ್ರಾಂಶ ಎರಡನ್ನೂ ಕೂಡಿಸಿ ಕೊಟ್ಟದ್ದು. ಹಳೆಯದರ ಎರಡರಷ್ಟು ಚುರುಕಾದ ಪ್ರೊಸೆಸರ್ ಕಾರ್ಡು ಹಾಕಿದರೆ ಒಳ್ಳೆಯದೇ ಆಯಿತಲ್ಲ ಎನಿಸುತ್ತದೆ, ಆದರೆ ಸಮಯದ ಲೆಕ್ಕ ತಪ್ಪಿ, ಬೇಗ ಬಂದ ಉತ್ತರವೇ ತಾಳೆ ಕೆಡಿಸಬಹುದು. ಮತ್ತೆ ಪರೀಕ್ಷೆ, ಮತ್ತೆ ಪ್ರಮಾಣಪತ್ರ. ಕ್ಯಾಮೆರಾ, ವೈಫೈ, ಫಲಕಗಳ ಗಣಕ ಹಾಗಲ್ಲ, ಅದನ್ನು ಐದು ವರ್ಷಕ್ಕೊಮ್ಮೆ ಬದಲಿಸಿದರೂ ಯಾರ ಜೀವವೂ ಹೋಗದು. ಈ ಎರಡು ಸಂಸಾರ ಬೇರೆಬೇರೆ ಪೆಟ್ಟಿಗೆಯಲ್ಲಿರುವುದೇ ಲೇಸು. ಒಂದೇ ಪೆಟ್ಟಿಗೆಯಾದರೆ ಫಲಕದ ಕನ್ನಡ ಅಕ್ಷರ ತಿದ್ದಲು ಬ್ರೇಕಿನ ಪ್ರಮಾಣಪತ್ರವನ್ನು ಅಲುಗಾಡಿಸಬೇಕಾದೀತು.

ಬದಲಾವಣೆಯ ದಿನವೇ ಅಪಾಯದ ದಿನ ಎನ್ನುವುದಕ್ಕೆ ಬಾಲಾಸೋರ್‌ಗಿಂತ ಬೇರೆ ಸಾಕ್ಷಿ ಬೇಡ. 2023ರ ಜೂನ್ 2ರಂದು ಬಹಾನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಹಸಿರು ಸಿಕ್ಕಿತು, ಹಳಿ ಮಾತ್ರ ಪಕ್ಕದ ಲೂಪ್ ಹಳಿಗೆ ತಿರುಗಿತ್ತು. ನಿಂತಿದ್ದ ಗೂಡ್ಸಿಗೆ ಬಡಿದು 295 ಮಂದಿ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಲ್ಲಿ ಕಂಡದ್ದು ಗಣಕದ ಕುಸಿತವಲ್ಲ. ಹಿಂದೊಮ್ಮೆ ಗುಮ್ಟಿ ಎನ್ನುವ ಹಳಿಬದಿಯ ಸಿಗ್ನಲ್ ಕೋಣೆಯಲ್ಲಿ ಸರ್ಕ್ಯೂಟ್ ಬದಲಿಸುವಾಗ ಆದ ಲೋಪ, ಮೇಲೆ ಅದೇ ದಿನ 94ನೆಯ ಲೆವೆಲ್ ಕ್ರಾಸಿಂಗಿನ ಗೇಟಿಗೆ ಹೊಸ ವಿದ್ಯುತ್ ಅಡ್ಡಗಂಬ ಹಾಕುವಾಗ ಆದ ಲೋಪ. ಗೇಟನ್ನು ಹೊಸತು ಮಾಡುವ ಕೆಲಸ ಅದು. ಇಂಟರ್‌ಲಾಕಿಂಗ್ ಗಣಕ ತನಗೆ ತಂತಿ ಏನು ಹೇಳಿತೋ ಅದನ್ನೇ ನಂಬಿತು. ತಂತಿಯ ನಕ್ಷೆಗೂ ನಿಜವಾದ ತಂತಿಗೂ ತಾಳೆ ಇರಲಿಲ್ಲ.

ಕಾರವಾರದ ಸುತ್ತ ಬೇಕೆಂದಾಗ ಆರಿಸಲಾಗದ ಯಂತ್ರಗಳಿಗೆ ಬರವಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು. ಅರಗಾದಲ್ಲಿ ನೌಕಾದಳ ಉಪ್ಪುಗಾಳಿಯ ಜೊತೆ ದಿನಾ ಗುದ್ದಾಡುತ್ತದೆ. ಇಬ್ಬರಿಗೂ ಒಂದು ಅನುಕೂಲ ಉಂಟು: ಕೈಗಾದಲ್ಲಿ ಘಟಕ ನಿಲ್ಲಿಸಿದಾಗ ತಿಂಗಳುಗಟ್ಟಲೆ ಕೆಲಸ ಮಾಡಬಹುದು, ಹಡಗನ್ನು ದುರಸ್ತಿಗೆ ಎಳೆದು ನಿಲ್ಲಿಸಬಹುದು. ಒಂಟಿಹಳಿಯ ರೈಲಿಗೆ ಅಂಥ ರಜೆ ಇಲ್ಲ. ಪಕ್ಕದ ಹಳಿಗೆ ಗಾಡಿ ತಿರುಗಿಸೋಣವೆಂದರೆ ಪಕ್ಕದ ಹಳಿಯೇ ಇಲ್ಲ.

ದುಡ್ಡಿನ ಮಾತನ್ನು ಬೇಗ ಹೇಳಿಬಿಡುತ್ತೇನೆ. ಕೊಂಕಣ ರೈಲ್ವೆ ಭಾರತೀಯ ರೈಲ್ವೆಯ ವಲಯವಲ್ಲ, ನಿಗಮ. ಹುಟ್ಟುವಾಗ ಕೇಂದ್ರದ್ದು ನೂರಕ್ಕೆ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ಆರಾರು. ವಲಯಗಳಿಗೆ ಬಜೆಟ್ಟಿನಿಂದ ಬರುವಂತೆ ನಿಗಮಕ್ಕೆ ಹಣ ಸಲೀಸಾಗಿ ಬರುವುದಿಲ್ಲ. ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸಬೇಕೆಂಬ ಒತ್ತಾಯದ ಹಿಂದೆ ಇರುವ ಒಂದು ಕಾರಣ ಇದೇ. ಕಣ್ಣಿಗೆ ಕಾಣುವ ನಿಲ್ದಾಣದ ಚಾವಣಿಗೆ ಶಾಸಕರು ಪತ್ರ ಬರೆಯುತ್ತಾರೆ. ಬೀರುವಿನೊಳಗಿನ ಕಾರ್ಡಿಗೆ ಯಾರೂ ಬರೆಯುವುದಿಲ್ಲ.

ದೊಡ್ಡ ಬದಲಾವಣೆಯೊಂದು ಮಾತ್ರ ಇತ್ತೀಚೆಗೆ ಆಗಿದೆ. 2022ರ ಜೂನ್ 20ರಂದು ಇಡೀ ಹಾದಿಯ ವಿದ್ಯುದೀಕರಣವನ್ನು ಲೋಕಾರ್ಪಣೆ ಮಾಡಿದರು. ಹೊಗೆ ಹೋಯಿತು, ಖರ್ಚು ಇಳಿಯಿತು ಎಂದು ಬರೆದವರು ಬಹಳ. ಗಣಕದ ಲೆಕ್ಕದಲ್ಲಿ ನಡೆದದ್ದು ಬೇರೆ. ಹಳೆಯ ಡೀಸೆಲ್ ಎಂಜಿನ್ನಿನ ಬ್ಯಾಟರಿ 72 ವೋಲ್ಟಿನ ಸುತ್ತಮುತ್ತ, ವಿದ್ಯುತ್ ಎಂಜಿನ್ನಿನದು 110. ಒಂದಕ್ಕೆ ಮಾಡಿದ ಪೆಟ್ಟಿಗೆ ಇನ್ನೊಂದಕ್ಕೆ ಹಾಗೇ ಒಗ್ಗದು. ತಲೆಯ ಮೇಲೆ 25 ಸಾವಿರ ವೋಲ್ಟಿನ ತಂತಿ ಬಂದ ಮೇಲೆ ನೆಲದ ಕೇಬಲ್ಲಿಗೂ ಅದರ ಸೆಳೆತ ತಟ್ಟುತ್ತದೆ. ಇಲ್ಲಿ ಮಾಡ್ಯುಲರ್ ಪೆಟ್ಟಿಗೆ ತನ್ನ ಬೆಲೆ ತೋರಿಸುತ್ತದೆ: ವಿದ್ಯುತ್ ಪೂರೈಸುವ ಕಾರ್ಡು ಒಂದನ್ನು ಬದಲಿಸಿದರೆ ಉಳಿದದ್ದು ಇದ್ದ ಹಾಗೇ ನಡೆಯುತ್ತದೆ.

ಇನ್ನೂ ಆಗದ ಬದಲಾವಣೆಯೂ ಒಂದಿದೆ. ಹುಬ್ಬಳ್ಳಿ-ಅಂಕೋಲಾ ರೈಲು ಹಾದಿ, ಸುಮಾರು 164 ಕಿಲೋಮೀಟರಿನದ್ದು, ಕಾಡಿನ ತಕರಾರಿನಲ್ಲಿ ದಶಕಗಳಿಂದ ತೂಗಾಡುತ್ತಿದೆ. ಅದು ಬಂದರೆ ಅಂಕೋಲೆ ಜಂಕ್ಷನ್ನಾಗುತ್ತದೆ. ಪಾಯಿಂಟು ಹೆಚ್ಚುತ್ತವೆ, ಸಿಗ್ನಲು ಹೆಚ್ಚುತ್ತವೆ, ಇಂಟರ್‌ಲಾಕಿಂಗ್ ತಂತ್ರಾಂಶದ ಕೋಷ್ಟಕವನ್ನು ಮೊದಲಿಂದ ಬರೆದು ಒಂದೊಂದು ದಾರಿಯನ್ನೂ ಪರೀಕ್ಷಿಸಬೇಕು. ಅದಕ್ಕೆ ದಿನ ಯಾವುದು? ಮಳೆಗಾಲದ ವೇಳಾಪಟ್ಟಿ ಜೂನ್ ನಡುವಿನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ಆಗ ಬೀರು ತೆರೆಯುವುದೇ ಪಾಪ. ಡಿಸೆಂಬರಿನಲ್ಲಿ ಗೋವಾದ ಜನಜಂಗುಳಿ, ಏಪ್ರಿಲ್-ಮೇಯಲ್ಲಿ ಮುಂಬಯಿಯಿಂದ ಊರಿಗೆ ಬರುವವರ ವಿಶೇಷ ರೈಲುಗಳು. ನಡುವೆ ಉಳಿಯುವುದು ನವೆಂಬರ್, ಜನವರಿಯಿಂದ ಮಾರ್ಚ್. ಅದರಲ್ಲೂ ಗೂಡ್ಸು, ಮೇಲು, ರಾಜಧಾನಿ ಬಿಟ್ಟು ರಾತ್ರಿ ಸಿಗುವ ಎರಡು ಮೂರು ಗಂಟೆಯ ಬ್ಲಾಕ್, ಅಂದರೆ ಕೆಲಸಕ್ಕೆಂದು ಗಾಡಿ ಬಿಡದ ಹೊತ್ತು. ಆ ಹೊತ್ತಿಗೆ ಸಿಗ್ನಲ್ ಇಲಾಖೆಯವನು ಟಿ-351 ಎಂಬ ಚೀಟಿ ಬರೆದು ಸ್ಟೇಷನ್ ಮಾಸ್ಟರರ ಕೈಗಿಡುತ್ತಾನೆ: ಇಂಥ ಪಾಯಿಂಟು, ಇಂಥ ಸಿಗ್ನಲು ಕಳಚಿದ್ದೇನೆ, ನಾನು ಹೇಳುವವರೆಗೆ ನಂಬಬೇಡಿ. ಕೆಲಸ ಮುಗಿದ ಮೇಲೆ ಅದೇ ಚೀಟಿಯಲ್ಲಿ ಮತ್ತೆ ಜೋಡಿಸಿದ್ದೇನೆಂದು ಬರೆದು ರುಜು ಹಾಕುತ್ತಾನೆ. ಮುಂದಿನ ಗಾಡಿ ಕುಮಟೆ ಬಿಟ್ಟಾಗಿದೆ ಎಂದು ಫೋನು ಬಂದಿದ್ದರೂ, ಒಂದೊಂದು ಪಾಯಿಂಟನ್ನೂ ತಿರುಗಿಸಿ ಹಳಿಯ ಹತ್ತಿರ ನಡೆದುಹೋಗಿ ಕಣ್ಣಾರೆ ನೋಡಿದ ಮೇಲೇ ಆ ರುಜು ಬೀಳಬೇಕು.